ಕಿಸೆಯ ಬಾಯಿ

ಕ್ಯಾಂಪಿನ ಇನಾಸ್ ಮೇಸ್ತ್ರಿಗೆ
ಬೆಳಗಾವಿಯ ಪಾದ್ರಿಗಳೆಲ್ಲರ ಸೊಂಟ ಬಾಯಿಪಾಠ.
‘ಬಂದಾಗ ಮೂವತ್ತು, ಮೂರು ಈಸ್ಟರ್ ಕಳೀತಂದ್ರ ಮೂವತ್ತಾರು.
ಉಪವಾಸ ನಮಗ ಹೇಳತಾರ, ತಮ್ಮಾ,
ಟೇಪು ಸುಳ್ಳ ಹೇಳೂದಿಲ್ಲ.’

ನಾನು ಸಂಪಗಾವಿಯಿಂದ ಬಂದವ. ಹದಿನಾಲ್ಕು ವರ್ಷ.
ಕಾಜಾ ಮಾಡುವುದು, ಗುಂಡಿ ಹಚ್ಚುವುದು ನನ್ನ ಕೆಲಸ.
ಒಂದು ನಿಲುವಂಗಿಗೆ ಮೂವತ್ತಮೂರು ಗುಂಡಿ,
ಏಸು ಭೂಮಿಯ ಮೇಲಿದ್ದ ವರ್ಷಕ್ಕೊಂದರಂತೆ.
‘ಬಡಿಗ್ಯಾರ ಹುಡುಗ ಆಂವ. ಇದ್ದದ್ದೊಂದ ಅಂಗಿ,
ಅದಕ್ಕ ಹೊಲಿಗೀನೂ ಇರಲಿಲ್ಲ.
ಇಷ್ಟ ಗುಂಡಿ ಎಲ್ಲಿಂದ ಬಂದೂವು?’
ಟಾಚಣಿ ಕಚ್ಚಿದ ಬಾಯಲ್ಲೇ ನಗುತ್ತಿದ್ದ.

ಭಾನುವಾರ ಪಿಯದಾದ್ ಬಾಯಿಯನ್ನು
ಸೈಕಲ್ಲಿನ ಹಿಂದೆ ಕೂರಿಸಿಕೊಂಡು
ಇಗರ್ಜಿಯ ಗೇಟಿನವರೆಗೆ ಮಾತ್ರ.
ತಾನು ಎದುರಿನ ಬೇಕರಿಯ ಕಟ್ಟೆಯ ಮೇಲೆ.
ಒಳಗೆ ಹಾಡು ಶ್ರುತಿ ತಪ್ಪಿದರೆ
ಇಲ್ಲಿ ಇವನ ನಾಲಿಗೆ ಲೊಚಗುಟ್ಟುತ್ತಿತ್ತು.

ಯಾಕೆಂದು ಕೇಳಿದ್ದು ಕರೆಂಟು ಹೋದ ಒಂದು ಸಂಜೆ.
ಮಷೀನಿನ ಗಾಲಿಯ ಮೇಲೆ ಕೈಯಿಟ್ಟು ಹೇಳಿದ
ಘಟ್ಟದಾಚೆಯ ಸಂಗತಿ:
ಮುತ್ತಜ್ಜ ಕಾಯಿ ಕೀಳುವವ. ಮರ ಇಗರ್ಜಿಯದು,
ಮರದ ಕೆಳಗೆ ಗುಡಿಸಲು ನಿಂತ ನೆಲ ಇಗರ್ಜಿಯದು,
ಗುಡಿಸಲ ಮೇಲೆ ಬೀಳುವ ನೆರಳೂ.
ಹೆಣಕ್ಕೆ ದೊಡ್ಡ ಗಂಟೆಯಾದರೆ ಮೂರು ರೂಪಾಯಿ,
ಸಣ್ಣದಾದರೆ ಎಂಟು ತಾಂಗ,
ಇಲ್ಲದವನಿಗೆ ಕಾಗೆಯ ಕೂಗು.
ಒಮ್ಮೆ, ಪಾಪನಿವೇದನೆಯ ಜಾಲರಿಗೆ ಬಾಯಿ ಹಚ್ಚಿ
ಎರಡು ಕಾಯಿ ಕದ್ದೆ ಎಂದು ಹೇಳಿಬಿಟ್ಟ.
ಮರುದಿನ ನಸುಕಿಗೆ
ಇಗರ್ಜಿಯ ಮುಕಾದಮ ಬಾಗಿಲಲ್ಲಿ ನಿಂತಿದ್ದ.

ಆಮೇಲೆ ಯಾವ ಜಾಲರಿಗೂ ಅವನ ಬಾಯಿ ಸಿಗಲಿಲ್ಲ.
ಮೂರು ವರ್ಷ ಅವನ ಹೆಸರನ್ನು ಪೀಠದಿಂದ ಓದಿದರು.
ಮುತ್ತಜ್ಜಿ ಸತ್ತಾಗ ಹಳೆಯ ಬಾಕಿ ತೆಗೆದರು.
ಗೋಡೆಯ ಹೊರಗೆ, ಗೇರುಮರದ ಬುಡಕ್ಕೆ ಅವಳನ್ನಿಟ್ಟು
ಅದೇ ಇರುಳು ಮಗನ ಕೈಹಿಡಿದು
ಕ್ಯಾಸಲ್‌ರಾಕ್ ಹತ್ತಿ, ಲೋಂಡಾಕ್ಕೆ ನಡೆದ.

ಆ ಮಗ ಇಲ್ಲಿ ಸೂಜಿ ಹಿಡಿದ.
ಒಂದು ದಿನ ಪೇಪರಿನಲ್ಲಿ ಬಂತು:
ಲಿಸ್ಬನ್ನಿನಲ್ಲಿ ರಾಜ ಓಡಿಹೋದ, ಕ್ರೈಸ್ತ ಮಠಗಳಿಗೆ ಬೀಗ,
ನಿಲುವಂಗಿ ತೊಟ್ಟು ಬೀದಿಗೆ ಬಂದರೆ ದಂಡ.
ಅಜ್ಜ ಓಣಿಗೆಲ್ಲ ಬೆಲ್ಲ ಹಂಚಿದ.
ರಾತ್ರಿ ಮಲಗುವಾಗ ನೆನಪಾಯಿತು,
ತಾನು ಹೊಲಿಯುವುದು ಅದನ್ನೇ.

‘ಹಂಗಾರ ದೇವರ ಮ್ಯಾಲೂ ಸಿಟ್ಟ ಏನು?’
ಮೇಸ್ತ್ರಿ ಮೋಂಬತ್ತಿ ಹಚ್ಚಿ
ಮೊದಲು ಗೋಡೆಯ ಏಸುವಿನ ಮುಂದಿಟ್ಟ.
‘ಆಂವಗೇನ ಗೊತ್ತೋ,
ಲೆಕ್ಕದ ಪುಸ್ತಕ ಇವರು ಆಂವಗ ತೋರಸೂದೇ ಇಲ್ಲ.’

ಸ್ವಾಮಿಗಳ ಪಾದಪೂಜೆ ಒಲ್ಲೆನೆಂದು
ಊರಿಗೇ ಬೇಡವಾದ ನಮ್ಮ ಕಾಕಾ ನೆನಪಾದ.
ನಾನು ಹೇಳಲಿಲ್ಲ.

ಆ ರಾತ್ರಿಯೇ ಗುಟ್ಟು ತೋರಿಸಿದ್ದು:
ಹೊಲಿದ ಪ್ರತಿ ನಿಲುವಂಗಿಯ ಬಲಗಿಸೆಯ ಬಾಯಿ
ಒಂದು ಬೆರಳು ಕಿರಿದು.
ಬರಿಗೈ ಹೋಗುತ್ತದೆ. ಮುಷ್ಟಿ ಬರುವುದಿಲ್ಲ.
‘ಇಷ್ಟ, ನನ್ನ ಯುದ್ಧ.’

ಅವನು ಸತ್ತಾಗ ಇಗರ್ಜಿಗೆ ನಲವತ್ತು ವರ್ಷದ ಬಾಕಿ.
ಪಿಯದಾದ್ ಬಾಯಿ ಬಳೆ ಬಿಚ್ಚಿ
ಕರವಸ್ತ್ರದಲ್ಲಿ ಗಂಟು ಕಟ್ಟಿಟ್ಟಿದ್ದಳು.
ಬಂದವ ಖಾನಾಪುರ ಕಡೆಯ ಹುಡುಗ ಪಾದ್ರಿ,
ಅಪ್ಪ ಹಂಚಿನ ಭಟ್ಟಿಯಲ್ಲಿ ಕೂಲಿ.
ಗಂಟಿನ ಕಡೆ ನೋಡಲಿಲ್ಲ.
ದೊಡ್ಡ ಗಂಟೆಯ ಹಗ್ಗ ತಾನೇ ಜಗ್ಗಿದ,
ಅಂಗೈ ಕೆಂಪಾಗುವಷ್ಟು ಹೊತ್ತು.

ಮಣ್ಣು ಹಾಕುವ ಮೊದಲು ಓದಬೇಕಿತ್ತು.
ಚಷ್ಮಾಕ್ಕೆಂದು ಕಿಸೆಗೆ ಕೈಹಾಕಿದ.
ಸಿಕ್ಕಿಕೊಂಡಿತು.
ಜಗ್ಗಿದ. ಮತ್ತೊಮ್ಮೆ ಜಗ್ಗಿದ.
ಎಲ್ಲರೂ ಕಾದೆವು, ಪೆಟ್ಟಿಗೆಯೊಳಗಿನವನೂ.
ಗೊತ್ತಿದ್ದವ ನಾನೊಬ್ಬ,
ಕೆಳಗೆ ನೋಡುತ್ತ ನಿಂತೆ.

ಈಗ ಅಂಗಡಿ ನನ್ನದು. ಬಿಳಿ ಬಟ್ಟೆ ಕಡಿಮೆ;
ಕಾವಿ ಬರುತ್ತದೆ, ಕಾರಿನಲ್ಲಿ.
‘ಕಿಸೆ ಇಡಲೇನ್ರಿ?’
‘ಇಡು, ಒಳಗಡೆ. ಕಾಣಬಾರದು.’
ಬಟ್ಟೆ ಹಾಸುತ್ತೇನೆ, ಬಳಪ ಹಿಡಿಯುತ್ತೇನೆ,
ಆ ಒಂದು ಬೆರಳಿನ ಹತ್ತಿರ ಬಂದು
ಕೈ ತಡೆಯುತ್ತದೆ. ಗಂಟೆಯ ಹಗ್ಗ ಜಗ್ಗಿದ
ಆ ಹುಡುಗನ ಅಂಗೈ ಕಾಣುತ್ತದೆ.
ಗಿರಾಕಿ ಗಡಿಯಾರ ನೋಡುತ್ತಾನೆ.